ಕಾರ್ಖಾನೆಗಳಿಗೂ ಒಳಹರಿವು, ಹೊರಹರಿವಿನ ಲೆಕ್ಕ ಬೇಕು: ಮಂಡ್ಯದ ಕಬ್ಬು ಬೆಳೆಗಾರನೊಬ್ಬನ ಬಹಿರಂಗ ಪತ್ರ

ಮಾನ್ಯ ಮಂಡ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲೆಯ ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿಗಳಿಗೆ, ಆಲೆಮನೆ ಮಾಲೀಕರಿಗೆ ಹಾಗೂ ನನ್ನ ಜೊತೆಯ ಬೆಳೆಗಾರರಿಗೆ ನಮಸ್ಕಾರಗಳು.

ನಮ್ಮ ತಾಲ್ಲೂಕಿನ ಶಾಲಾ ಕಾಂಪೌಂಡುಗಳ ಮೇಲೆ, ಬಸ್ ತಂಗುದಾಣಗಳ ನೆತ್ತಿಯಲ್ಲಿ, ಶುದ್ಧ ಕುಡಿಯುವ ನೀರಿನ ಘಟಕಗಳ ಬಾಗಿಲಲ್ಲಿ ಈಚೆಗೆ ಒಂದೇ ಬಗೆಯ ಫಲಕಗಳು ಕಾಣಿಸುತ್ತಿವೆ. ಮೇಲೆ ಒಂದು ಕಂಪನಿಯ ಲಾಂಛನ, ಕೆಳಗೆ ‘ಸುಸ್ಥಿರ ಅಭಿವೃದ್ಧಿಗೆ ನಮ್ಮ ಕೊಡುಗೆ’ ಎಂಬ ಬರಹ. ಶಾಲೆಗೆ ಬೆಂಚು ಬಂದರೆ, ಊರಿಗೆ ನೀರಿನ ಘಟಕ ಬಂದರೆ ಬೇಡವೆನ್ನುವವರು ಯಾರೂ ಇಲ್ಲ. ಕೊಟ್ಟವರಿಗೆ ನಮ್ಮ ವಂದನೆಗಳು ಸಲ್ಲುತ್ತವೆ. ಆದರೆ ಅದೇ ಶಾಲೆಯ ಹಿಂದಿನ ಹಳ್ಳದಲ್ಲಿ ಯಾವ ನೀರು ಹರಿಯುತ್ತಿದೆ, ಅದೇ ಊರಿನ ಆಲೆಮನೆಯ ಒಲೆಗೆ ಏನು ಬೀಳುತ್ತಿದೆ, ಆ ಊರಿನ ರೈತ ಕಾರ್ಖಾನೆಗೆ ಸಾಗಿಸಿದ ಕಬ್ಬಿಗೆ ಯಾವ ತಿಂಗಳು ಹಣ ಬಂತು ಎಂಬುದನ್ನು ಹೇಳುವ ಫಲಕ ಮಾತ್ರ ಎಲ್ಲಿಯೂ ಇಲ್ಲ. ಉದ್ದಿಮೆಯೊಂದರ ಕೊಡುಗೆಯನ್ನು ಅದು ಗೇಟಿನ ಹೊರಗೆ ಹಂಚುವ ಹಣದಿಂದಲ್ಲದೆ, ಗೇಟಿನ ಮೂಲಕ ಒಳಗೆ ಹೋಗುವ ಮತ್ತು ಹೊರಗೆ ಬರುವ ವಸ್ತುಗಳಿಂದ ಅಳೆಯುವ ಪದ್ಧತಿಯನ್ನು ನಮ್ಮ ಜಿಲ್ಲೆಯಲ್ಲಿ ಜಾರಿಗೆ ತರಬೇಕೆಂದು ಕೋರುವುದು ಈ ಪತ್ರದ ಉದ್ದೇಶ.

ಫಲಕದ ಹಿಂದಿರುವ ಕಾನೂನನ್ನು ಮೊದಲು ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ವೆಚ್ಚ ಮಾಡಬೇಕು. ತನ್ನ ವ್ಯವಹಾರದ ದೈನಂದಿನ ಭಾಗವಾಗಿ ಮಾಡುವ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ನಿಯಮಗಳು ಹೇಳುತ್ತವೆ. ಅದು ಸರಿಯಾದ ನಿಯಮವೇ. ತನ್ನ ಕೊಳಚೆಯನ್ನು ತಾನು ಶುದ್ಧೀಕರಿಸಿದ್ದನ್ನು ಯಾರೂ ದಾನವೆಂದು ಬರೆದುಕೊಳ್ಳಬಾರದು. ಆದರೆ ಇದರ ಪರಿಣಾಮವಾಗಿ ಜನರ ಕಣ್ಣಿಗೆ ಬೀಳುವುದು ಶೇ 2ರ ಕಥೆ ಮಾತ್ರ. ಉಳಿದ ಶೇ 98 ಹೇಗೆ ಗಳಿಕೆಯಾಯಿತು ಎಂಬುದು ಜನರ ಮಾತಿಗೆ ಬರುವುದೇ ಇಲ್ಲ. ಷೇರುಪೇಟೆಯ ಮೊದಲ 1000 ಕಂಪನಿಗಳು ತಮ್ಮ ನೀರು, ಇಂಧನ, ತ್ಯಾಜ್ಯಗಳ ವರದಿಯನ್ನು ಪ್ರಕಟಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2022–23ನೇ ಸಾಲಿನಿಂದ ಕಡ್ಡಾಯ ಮಾಡಿದೆ. ಒಳ್ಳೆಯ ಹೆಜ್ಜೆ. ಆದರೆ ಸಹಕಾರಿ ಕಾರ್ಖಾನೆ, ಷೇರುಪೇಟೆಗೆ ಹೋಗದ ಖಾಸಗಿ ಕಾರ್ಖಾನೆ, ಅಕ್ಕಿ ಗಿರಣಿ, ಕಲ್ಲು ಕ್ರಷರ್, ಆಲೆಮನೆ ಇವು ಯಾವುವೂ ಆ ಪಟ್ಟಿಯೊಳಗೆ ಬರುವುದಿಲ್ಲ, ಮತ್ತು ಬಂದ ಕಂಪನಿಗಳ ವರದಿಯೂ ಹೂಡಿಕೆದಾರರಿಗಾಗಿ ಇಂಗ್ಲಿಷಿನಲ್ಲಿ ಬರೆದದ್ದೇ ಹೊರತು ಹಳ್ಳದ ಕೆಳಭಾಗದಲ್ಲಿ ದನ ಮೇಯಿಸುವವರಿಗಾಗಿ ಅಲ್ಲ.

ನಮ್ಮ ಜಿಲ್ಲೆಗೆ ಇಂಥ ಲೆಕ್ಕ ಹೊಸದೇನಲ್ಲ. ಕನ್ನಂಬಾಡಿ ಕಟ್ಟೆಯ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ಮೂರು ಸಾಲುಗಳನ್ನು ಪತ್ರಿಕೆಯಲ್ಲಿ ನೋಡದೆ ಇಲ್ಲಿ ಅನೇಕರಿಗೆ ಬೆಳಗಿನ ಕಾಫಿ ಇಳಿಯುವುದಿಲ್ಲ. ಗರಿಷ್ಠ ಮಟ್ಟ 124.80 ಅಡಿ, ಒಟ್ಟು ಸಂಗ್ರಹ 49.45 ಟಿಎಂಸಿ ಎಂಬುದು ಹೈಸ್ಕೂಲು ಹುಡುಗರಿಗೂ ಬಾಯಿಪಾಠ. ಅಣೆಕಟ್ಟೆಯ ಲೆಕ್ಕ ಎಲ್ಲರಿಗೂ ಗೊತ್ತಿರುವುದರಿಂದಲೇ ನಾಲೆಗೆ ನೀರು ಬಿಡುವ ಬಗ್ಗೆ ಇಲ್ಲಿನ ಸಾಮಾನ್ಯ ರೈತನೂ ಅಂಕಿ ಹಿಡಿದು ಪ್ರಶ್ನೆ ಕೇಳುತ್ತಾನೆ, ಅಧಿಕಾರಿಗಳೂ ಅಂಕಿ ಕೊಟ್ಟು ಉತ್ತರಿಸಬೇಕಾಗುತ್ತದೆ. ಅಣೆಕಟ್ಟೆಗೆ ಇರುವ ಈ ಮೂರು ಸಾಲಿನ ಶಿಸ್ತು ಪ್ರತಿ ಕಾರ್ಖಾನೆಗೂ ಏಕೆ ಇರಬಾರದು?

ಸಕ್ಕರೆ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಕಬ್ಬಿನ ತೂಕದಲ್ಲಿ ಸುಮಾರು ಶೇ 70ರಷ್ಟು ನೀರೇ ಇರುತ್ತದೆ; ಅಂದರೆ ಒಂದು ಟನ್ ಕಬ್ಬಿನೊಂದಿಗೆ ಹೆಚ್ಚುಕಡಿಮೆ 700 ಲೀಟರ್ ನೀರು, ವಿಶ್ವೇಶ್ವರಯ್ಯ ನಾಲೆಯಿಂದ ನಮ್ಮ ಗದ್ದೆಗೆ ಹರಿದು ಕಬ್ಬಿನ ಒಡಲು ಸೇರಿದ ನೀರು, ಲಾರಿ ಹತ್ತಿ ಕಾರ್ಖಾನೆಯೊಳಕ್ಕೆ ಹೋಗುತ್ತದೆ. ರಸವನ್ನು ಕಾಯಿಸಿ ಗಟ್ಟಿ ಮಾಡುವಾಗ ಆವಿಯಾಗುವ ಈ ನೀರನ್ನು ತಣಿಸಿ ಹಿಡಿದು ಮತ್ತೆ ಬಳಸುವ ಕಾರ್ಖಾನೆಗೆ ಹೊಳೆಯಿಂದಲೋ ಕೊಳವೆಬಾವಿಯಿಂದಲೋ ಎತ್ತಬೇಕಾದ ನೀರು ತೀರ ಕಡಿಮೆ. ಅರೆದ ಪ್ರತಿ ಟನ್ ಕಬ್ಬಿಗೆ ಹೊರಬಿಡುವ ನೀರು, ಶುದ್ಧೀಕರಿಸಿದ ತ್ಯಾಜ್ಯ ನೀರು 100 ಲೀಟರ್ ಮತ್ತು ತಣಿಸುವ ವ್ಯವಸ್ಥೆಯಿಂದ ಬರುವುದು 100 ಲೀಟರ್, ಹೀಗೆ ಒಟ್ಟು 200 ಲೀಟರ್ ಮೀರಬಾರದೆಂದು ಕೇಂದ್ರ ಪರಿಸರ ಸಚಿವಾಲಯ 2016ರಲ್ಲಿ ಮಿತಿ ಹಾಕಿದೆ. ಕಾರ್ಖಾನೆಗಳ ಬಳಿ ಮೀಟರುಗಳಿವೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿಗಳೂ ಹೋಗುತ್ತವೆ. ಹಂಗಾಮಿನ ಪ್ರತಿ ವಾರ ಎಷ್ಟು ಟನ್ ಅರೆದೆವು, ಎಷ್ಟು ನೀರು ಎತ್ತಿದೆವು, ಎಷ್ಟು ಹೊರಬಿಟ್ಟೆವು ಎಂಬುದನ್ನು ಕಾರ್ಖಾನೆಯ ಗೇಟಿನಲ್ಲಿ ಮತ್ತು ಸುತ್ತಲಿನ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಬರೆಯಲು ಹೊಸ ಯಂತ್ರ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ. ಚೆನ್ನಾಗಿ ನಡೆಯುತ್ತಿರುವ ಕಾರ್ಖಾನೆಗೆ ಇದರಿಂದ ಬರುವುದು ಹೆಸರೇ.

ಆ ಫಲಕದಲ್ಲಿ ನಾಲ್ಕನೆಯ ಸಾಲೊಂದು ಇರಬೇಕು: ಯಾವ ದಿನಾಂಕದವರೆಗಿನ ಕಬ್ಬಿಗೆ ಹಣ ಪಾವತಿಯಾಗಿದೆ. ಪರಿಸರದ ಮಾತಿನ ನಡುವೆ ಬಟವಾಡೆಯ ಮಾತು ಏಕೆ ಬಂತೆಂದು ಕೆಲವರಿಗೆ ಅನ್ನಿಸಬಹುದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವಾರ್ಷಿಕ ಶೇ 15ರ ಬಡ್ಡಿ ಸೇರಿಸಬೇಕು. ತಿಂಗಳುಗಟ್ಟಲೆ ಕಾದು ಕೈಸಾಲ ಮಾಡಿಕೊಂಡ ರೈತ ಮೊದಲು ಕೈಬಿಡುವುದು ಮಣ್ಣಿನ ಆರೈಕೆಯನ್ನು. ಕೊಟ್ಟಿಗೆ ಗೊಬ್ಬರಕ್ಕೆ, ಹಸಿರೆಲೆ ಗೊಬ್ಬರದ ಬೀಜಕ್ಕೆ, ತರಗು ಹರಡುವ ಆಳಿಗೆ ಕೈಯಲ್ಲಿ ನಗದು ಬೇಕು. ಯೂರಿಯಾ ಮಾತ್ರ ಅಂಗಡಿಯಲ್ಲಿ ಸಾಲಕ್ಕೂ ಸಿಗುತ್ತದೆ. ಹೊತ್ತಿಗೆ ಹಣ ಕೊಡದ ಕಾರ್ಖಾನೆ ಎಷ್ಟು ಸಸಿ ನೆಟ್ಟರೂ, ಅದು ತನ್ನ ಸುತ್ತಲಿನ ಹತ್ತು ಊರುಗಳ ನೆಲವನ್ನು ಬಡವು ಮಾಡುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಬ್ಬಿನ ಬೆಲೆ ನಿಗದಿಯಾಗುವ ರೀತಿಯಲ್ಲೇ ಒಂದು ಕೊರತೆಯಿದೆ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ದರ, ಶೇ 10.25 ಸಕ್ಕರೆ ಇಳುವರಿ ಕೊಡುವ ಕಬ್ಬಿಗೆ ಕ್ವಿಂಟಲಿಗೆ 355 ರೂಪಾಯಿ. ಬೆಲೆ ಏರಿಳಿಯುವುದು ಸಕ್ಕರೆಯ ಅಂಶದ ಮೇಲೆ. ಅದೇ ಕಬ್ಬನ್ನು ಅರ್ಧ ನೀರಿನಲ್ಲಿ ಬೆಳೆದವನಿಗೂ ಗದ್ದೆ ತುಂಬಾ ನೀರು ನಿಲ್ಲಿಸಿ ಬೆಳೆದವನಿಗೂ ಒಂದೇ ದರ. ಸುಪ್ರೀಂ ಕೋರ್ಟಿನ 2018ರ ಫೆಬ್ರವರಿ 16ರ ತೀರ್ಪಿನಲ್ಲಿ, ಕಾವೇರಿಯಲ್ಲಿ ನಮ್ಮ ರಾಜ್ಯದ ಪಾಲು 284.75 ಟಿಎಂಸಿ ಎಂದು ತೀರ್ಮಾನವಾಗಿದೆ. ನಮ್ಮದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ನೀರು ಒಯ್ಯುವ ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿದ್ದು, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ಸಾಮರ್ಥ್ಯ ಅದಕ್ಕಿದೆ. ಕುಡಿಯುವ ನೀರಿಗೆ ನಮ್ಮ ತಕರಾರಿಲ್ಲ. ಆದರೆ ಪಾಲು ಗೊತ್ತಾಗಿರುವಾಗ, ಕೇಳುವವರು ಹೆಚ್ಚುತ್ತಿರುವಾಗ, ನೀರು ಉಳಿಸಿದವನಿಗೆ ಒಂದು ಕಾಸಿನ ಲಾಭವೂ ಇಲ್ಲದ ವ್ಯವಸ್ಥೆಯನ್ನು ಮುಂದುವರಿಸುವುದು ಜಾಣತನವಲ್ಲ.

ಹನಿ ನೀರಾವರಿ ಮಾಡಿರಿ ಎಂದು ರೈತರಿಗೆ ಉಪದೇಶಿಸುವವರು ನಾಲಾ ಬಯಲಿನ ವಾಸ್ತವವನ್ನು ಅರಿಯಬೇಕು. ನಮಗೆ ನೀರು ಬರುವುದು ಕಟ್ಟು ಪದ್ಧತಿಯಲ್ಲಿ: ಇಷ್ಟು ದಿನ ಬಿಡುಗಡೆ, ಇಷ್ಟು ದಿನ ನಿಲುಗಡೆ. ಹನಿ ಕೊಳವೆಗೆ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ನೀರು ಬೇಕು. ಈ ಎರಡನ್ನೂ ಕೂಡಿಸಲು ಗದ್ದೆಯ ಮೂಲೆಯಲ್ಲಿ ಕೃಷಿ ಹೊಂಡವೋ, ಬಾವಿಯೋ ಇರಲೇಬೇಕು; ಒಂದೂವರೆ ಎಕರೆಯವನು ಹೊಂಡಕ್ಕೆ ಜಾಗ ಎಲ್ಲಿಂದ ತಂದಾನು? ಮೇಲಾಗಿ ನಾಲೆಯ ನೀರಿಗೆ ಕರ ಬೀಳುವುದು ಬೆಳೆ ಮತ್ತು ಎಕರೆಯ ಲೆಕ್ಕದಲ್ಲಿ, ಬಳಸಿದ ಪ್ರಮಾಣದ ಲೆಕ್ಕದಲ್ಲಿ ಅಲ್ಲ. ಹೀಗಾಗಿ ಮೇಲ್ಭಾಗದವರು ಬೇಕಾದಷ್ಟು ಹಾಯಿಸಿಕೊಳ್ಳುತ್ತಾರೆ, ಕೊನೆ ಭಾಗದ ಮದ್ದೂರು, ಮಳವಳ್ಳಿ ಕಡೆಯ ಗದ್ದೆಗಳಿಗೆ ನೀರು ಮುಟ್ಟುವ ಹೊತ್ತಿಗೆ ಕಟ್ಟು ಮುಗಿದಿರುತ್ತದೆ. ಇಲ್ಲಿ ಕಾರ್ಖಾನೆಗಳು ಮಾಡಬಹುದಾದ ಕೆಲಸವೊಂದಿದೆ. ಅವುಗಳ ಫೀಲ್ಡ್‌ಮನ್‌ಗಳು ಪ್ರತಿ ರೈತನ ಗದ್ದೆಯನ್ನೂ, ನಾಟಿಯ ದಿನಾಂಕವನ್ನೂ ಬಲ್ಲವರು. ಒಂದು ತೂಬಿನ ಕೆಳಗಿನ ಹತ್ತಿಪ್ಪತ್ತು ರೈತರನ್ನು ಒಟ್ಟುಗೂಡಿಸಿ, ಒಂದು ಸಾಮೂಹಿಕ ಹೊಂಡ, ಒಂದು ಪಂಪು, ಎಲ್ಲರಿಗೂ ಹನಿ ಕೊಳವೆ ಎಂಬಂತೆ ಯೋಜಿಸಿದರೆ ಸರ್ಕಾರದ ಸಹಾಯಧನವೂ ಉಪಯೋಗಕ್ಕೆ ಬರುತ್ತದೆ. ಹಾಗೆ ಬೆಳೆದ ಕಬ್ಬಿಗೆ ಕಟಾವಿನ ಪರ್ಮಿಟ್ಟನ್ನು ಮೊದಲು ಕೊಟ್ಟರೆ ಸಾಕು, ಪ್ರತ್ಯೇಕ ಬಹುಮಾನ ಬೇಡ. ಬಲಿತ ಕಬ್ಬು ಗದ್ದೆಯಲ್ಲಿ ಒಣಗುವುದನ್ನು ನೋಡಿದವನಿಗೆ ಪರ್ಮಿಟ್ಟಿಗಿಂತ ದೊಡ್ಡ ಬಹುಮಾನ ಇಲ್ಲ.

ರೈತರಾದ ನಾವು ಮಾಡಬೇಕಾದ್ದೂ ಇದೆ, ಅದನ್ನು ಮುಚ್ಚಿಟ್ಟು ಬೇರೆಯವರನ್ನಷ್ಟೇ ಪ್ರಶ್ನಿಸುವುದು ನ್ಯಾಯವಲ್ಲ. ಕಟಾವಾದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ತರಗು ನೆಲದ ಮೇಲೆ ಉಳಿಯುತ್ತದೆ. ಅದಕ್ಕೆ ಸಂಜೆ ಬೆಂಕಿ ಹಾಕಿದರೆ ಬೆಳಗಾಗುವಷ್ಟರಲ್ಲಿ ಗದ್ದೆ ಚೊಕ್ಕಟವಾಗುತ್ತದೆ, ಕಡಿದ ಬುಡದಿಂದ ಚಿಗುರುವ ಕೂಳೆ ಬೆಳೆಗೆ ನೀರು ಕಟ್ಟುವುದು ಸುಲಭವಾಗುತ್ತದೆ ಎಂಬ ಕಾರಣಕ್ಕೆ ನಮ್ಮಲ್ಲಿ ಹಲವರು ಸುಡುತ್ತಾರೆ. ಇಲಿ ಹಾವುಗಳ ಭಯ, ಆಳಿನ ಅಭಾವ ಇನ್ನೆರಡು ಕಾರಣಗಳು. ಅದೇ ತರಗನ್ನು ಸಾಲು ಬಿಟ್ಟು ಸಾಲಿಗೆ ಹರಡಿದರೆ ತೇವ ನಿಲ್ಲುತ್ತದೆ, ಕಳೆ ಕಡಿಮೆಯಾಗುತ್ತದೆ, ಕೊಳೆತು ಮಣ್ಣು ಸೇರುತ್ತದೆ. ತರಗನ್ನು ಪುಡಿ ಮಾಡುವ ಯಂತ್ರವನ್ನು ಸಣ್ಣ ರೈತ ಕೊಳ್ಳಲಾರ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಕಟಾವಿನ ಹಂಗಾಮಿನಲ್ಲಿ ಈ ಯಂತ್ರ ಬಾಡಿಗೆಗೆ ಸಾಕಷ್ಟು ಸಂಖ್ಯೆಯಲ್ಲಿ ಸಿಗುವಂತಾಗಬೇಕು. ಕಂಪನಿಗಳ ಶೇ 2ರ ಹಣಕ್ಕೆ ಬಸ್ ತಂಗುದಾಣಕ್ಕಿಂತ ಇದು ಹೆಚ್ಚು ಸಾರ್ಥಕ ವೆಚ್ಚ.

ಇನ್ನು ಆಲೆಮನೆಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೆಲ್ಲ ನಮ್ಮ ಜಿಲ್ಲೆಯ ಗುರುತು. ಕೇಂದ್ರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯದ ಹೆಸರಿನ ಮುಂದೆ ಇರುವುದು ಬೆಲ್ಲವೇ. ಗಾಣದಿಂದ ಬಂದ ರಸ ಕೊಪ್ಪರಿಗೆಗೆ ಬೀಳುತ್ತದೆ, ಕೆಳಗಿನ ಒಲೆಗೆ ಅದೇ ಕಬ್ಬಿನ ಒಣ ಸಿಪ್ಪೆ. ಬೆಂಡೆಯ ಲೋಳೆಯಿಂದ, ಸುಣ್ಣದ ತಿಳಿಯಿಂದ ಕೊಳೆ ಮೇಲೆದ್ದು ಬರುತ್ತದೆ, ಅದನ್ನು ಜರಡಿಯಲ್ಲಿ ಎತ್ತಿ ತೆಗೆಯುತ್ತಾರೆ. ಪಾಕದ ಹದ ನೋಡಿ ಅಚ್ಚಿಗೆ ಸುರಿಯುತ್ತಾರೆ. ಹೊರಗಿನಿಂದ ಇಂಧನವೇ ಬೇಡದ, ತನ್ನ ಕಸವನ್ನು ತಾನೇ ಉರಿಸಿಕೊಳ್ಳುವ ಇಂಥ ಉದ್ದಿಮೆಗಳು ವಿರಳ. ಹಾಗಿದ್ದೂ ಕೆಲವು ಆಲೆಮನೆಗಳ ಅಂಗಳದಲ್ಲಿ ಹಳೆಯ ಟೈರಿನ ತುಂಡು, ಪ್ಲಾಸ್ಟಿಕ್, ಬಟ್ಟೆ ಕಾರ್ಖಾನೆಯ ಚಿಂದಿ ರಾಶಿ ಬಿದ್ದಿರುವುದು, ಹೊಗೆಗೊಳವೆಯಿಂದ ಕಡುಗಪ್ಪು ಹೊಗೆ ಏಳುವುದು ಜಿಲ್ಲೆಯಲ್ಲಿ ಯಾರಿಗೂ ಗುಟ್ಟಲ್ಲ. ಆ ಹೊಗೆ ಮೊದಲು ತಗುಲುವುದು ಒಲೆಯ ಬಾಯಲ್ಲಿ ನಿಂತು ಉರಿ ಹಾಕುವ ಕಾರ್ಮಿಕನಿಗೆ ಮತ್ತು ಪಕ್ಕದ ಶೆಡ್ಡಿನಲ್ಲೇ ವಾಸಿಸುವ ಅವನ ಮಕ್ಕಳಿಗೆ. ಅವರಲ್ಲಿ ಅನೇಕರು ಉತ್ತರ ಭಾರತದಿಂದ ಬಂದವರು, ದೂರು ಕೊಡಲು ಭಾಷೆಯೂ ಬಾರದವರು.

ದಾಳಿ ನಡೆಸಿ ಬೀಗ ಹಾಕುವುದು ಒಂದು ದಿನದ ಸುದ್ದಿಯಾಗುತ್ತದೆ, ಅಷ್ಟೆ. ಕಾರಣಗಳನ್ನು ನೋಡಬೇಕು. ಗಾಣದಿಂದ ಬಂದ ಸಿಪ್ಪೆಯ ತೂಕದಲ್ಲಿ ಅರ್ಧದಷ್ಟು ತೇವವೇ. ಅದನ್ನು ಹರಡಿ, ತಿರುವಿ, ಎರಡು ಮೂರು ದಿನ ಒಳ್ಳೆಯ ಬಿಸಿಲು ಕಾಣಿಸಬೇಕು. ಅದಕ್ಕೆ ಅಂಗಳ ಬೇಕು, ಆಳು ಬೇಕು, ಮಳೆ ಬರಬಾರದು. ಹಳೆಯ ಮಾದರಿಯ ಒಲೆಯಲ್ಲಿ ಶಾಖದ ದೊಡ್ಡ ಪಾಲು ಹೊಗೆಯೊಂದಿಗೇ ಹೋಗಿಬಿಡುವುದರಿಂದ ಇರುವ ಸಿಪ್ಪೆ ಸಾಲುವುದಿಲ್ಲ. ಒಣಗಿದ ಸಿಪ್ಪೆಗೆ ಹೊರಗೆ ಗಿರಾಕಿಗಳಿದ್ದಾರೆ, ಚಿಂದಿಯೋ ಅಗ್ಗಕ್ಕೆ ಬಾಗಿಲಿಗೇ ಬರುತ್ತದೆ. ಲೆಕ್ಕ ಹಾಕಿದ ಮಾಲೀಕ ಚಿಂದಿಯನ್ನು ಆರಿಸಿಕೊಳ್ಳುತ್ತಾನೆ. ಹಾಗಾಗಿ ಬೇಕಾದದ್ದು ಸಿಪ್ಪೆ ಒಣಗಿಸಲು ಮೇಲ್ಛಾವಣಿಯಿರುವ ಕಣ, ಒಂದೇ ಉರಿಯಲ್ಲಿ ಎರಡು ಮೂರು ಕೊಪ್ಪರಿಗೆ ಕಾಯುವ ಸುಧಾರಿತ ಒಲೆ, ಮತ್ತು ಇವೆರಡಕ್ಕೂ ಆಲೆಮನೆಯವರ ಕೈಗೆಟಕುವ ಸಾಲ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಕೇಳಲೇಬೇಕು: ಈ ಚಿಂದಿ, ಈ ಟೈರು ಬಂದದ್ದು ಯಾರ ಗೇಟಿನಿಂದ? ಆಲೆಮನೆಯಲ್ಲಿ ಪ್ಲಾಸ್ಟಿಕ್ ಹುಟ್ಟುವುದಿಲ್ಲ. ಎಲ್ಲಿಯೋ ಒಂದು ನಗರದ ಕಾರ್ಖಾನೆ ತನ್ನ ತ್ಯಾಜ್ಯವನ್ನು ಗುತ್ತಿಗೆದಾರನಿಗೆ ಒಪ್ಪಿಸಿ, ತನ್ನ ವರದಿಯಲ್ಲಿ ‘ಸಂಪೂರ್ಣ ವಿಲೇವಾರಿ’ ಎಂದು ಬರೆದುಕೊಂಡಿರುತ್ತದೆ. ಆ ವಿಲೇವಾರಿಯ ಕೊನೆಯ ನಿಲ್ದಾಣ ನಮ್ಮ ಊರಿನ ಒಲೆಯಾಗಿರುತ್ತದೆ. ಪ್ಲಾಸ್ಟಿಕ್ ಮತ್ತು ಹಳೆಯ ಟೈರುಗಳ ವಿಷಯದಲ್ಲಿ ಉತ್ಪಾದಕರ ಹೊಣೆಗಾರಿಕೆಯ ನಿಯಮಗಳು 2022ರಲ್ಲೇ ಬಿಗಿಯಾಗಿವೆ. ಆಲೆಮನೆಯ ಅಂಗಳದಲ್ಲಿ ಸಿಕ್ಕ ಮೂಟೆಯನ್ನು ಬಿಚ್ಚಿ ಅದರ ಮೂಲವನ್ನು ಹುಡುಕಿ ನೋಟಿಸು ಕೊಟ್ಟ ದಿನ ಮೂಟೆಗಳು ಬರುವುದು ತಾನಾಗಿ ಕಡಿಮೆಯಾಗುತ್ತದೆ.

ಬೆಲ್ಲ ಕೊಳ್ಳುವವರಿಗೂ ಈ ಪತ್ರದಲ್ಲಿ ಒಂದು ಮಾತಿದೆ. ಮಂಡಿಯಲ್ಲಿ ವರ್ತಕ ಅಚ್ಚಿನ ಮೂಲೆ ಮುರಿದು ಬೆಳಕಿಗೆ ಹಿಡಿಯುತ್ತಾನೆ. ಹೊನ್ನಿನ ಬಣ್ಣವಿದ್ದರೆ ಒಂದು ದರ, ಕಂದು ಬಣ್ಣವಿದ್ದರೆ ಅದಕ್ಕಿಂತ ಕಡಿಮೆ ದರ. ರುಚಿ ನೋಡುವುದು ಆಮೇಲೆ. ಈ ಬಣ್ಣಕ್ಕಾಗಿಯೇ ಪಾಕಕ್ಕೆ ಹೈಡ್ರೋಸ್ ಎಂಬ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಬೀಳುತ್ತದೆ, ಸಕ್ಕರೆಯನ್ನೂ ಬೆರೆಸುವವರಿದ್ದಾರೆ. ಮೈಸೂರು, ಬೆಂಗಳೂರಿನ ಗೃಹಿಣಿಯರೂ ಹೋಟೆಲಿನವರೂ ಬಿಳುಚು ಬೆಲ್ಲವನ್ನೇ ಕೇಳುವವರೆಗೆ ರಾಸಾಯನಿಕ ಬಳಸದ ಆಲೆಮನೆಯವನು ನಷ್ಟದಲ್ಲೇ ಇರುತ್ತಾನೆ. ಕಂದು ಬೆಲ್ಲದಲ್ಲಿ ಮಾಡಿದ ಹೋಳಿಗೆಯ ಹೂರಣ ಸ್ವಲ್ಪ ಕಪ್ಪಾಗಬಹುದು, ಬಾಯಿಗೆ ಅದರಿಂದ ತೊಂದರೆಯಿಲ್ಲ. ಮೈಸೂರಿನ ನಾಗರಿಕರಿಗೆ ಇಂಥ ಶಿಸ್ತು ಅಪರಿಚಿತವೂ ಅಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಆ ಊರು ಮೊದಲನೆಯದಾಗಿ ನಿಂತದ್ದರಲ್ಲಿ ಮನೆಯಲ್ಲೇ ಹಸಿ ಕಸ, ಒಣ ಕಸ ಬೇರ್ಪಡಿಸಿಕೊಟ್ಟವರ ಪಾತ್ರ ಸಣ್ಣದಲ್ಲ.

ಜನರ ಕೊಡುಗೆ ಎಂದರೇನೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ, ಅತ್ತಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಕೂತ ಮರದ ಹುಣಸೆ ಕೀಳುವಂತಿಲ್ಲ, ಅಂಗಳದಲ್ಲಿ ಹಿಕ್ಕೆ, ಮೀನಿನ ನಾತ. ಆದರೂ ಊರಿನವರು ಅವುಗಳನ್ನು ಓಡಿಸಲಿಲ್ಲ. ಬಿದ್ದ ಮರಿಗಳನ್ನು ಎತ್ತಿ ಸಾಕಿದರು, ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. ಹುಣಸೆಯ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆಯಾಯಿತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ನಾನು ಇದರಲ್ಲಿ ಮುಖ್ಯವೆಂದು ಎಣಿಸುವುದು ಆ ಪರಿಹಾರವನ್ನು. ಊರಿನವರ ಔದಾರ್ಯವನ್ನು ಹೊಗಳಿ ಸುಮ್ಮನಾಗದೆ, ಅವರು ಬಿಟ್ಟುಕೊಟ್ಟದ್ದನ್ನು ಸರ್ಕಾರ ಲೆಕ್ಕಕ್ಕೆ ಹಿಡಿಯಿತು. ನೀರು ಉಳಿಸುವ ರೈತನ ವಿಷಯದಲ್ಲಿ, ಹೈಡ್ರೋಸ್ ಬಿಟ್ಟ ಆಲೆಮನೆಯವನ ವಿಷಯದಲ್ಲಿ ಅದೇ ನ್ಯಾಯ ನಡೆಯಬೇಕು.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದಾಗ ರೈತರು ಕಬ್ಬು ಕೊಟ್ಟದ್ದಷ್ಟೇ ಅಲ್ಲ, ಷೇರುದಾರರೂ ಆದರು. ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರು ನಾಲೆ, ಬೆಳೆ, ಕಾರ್ಖಾನೆ ಮೂರನ್ನೂ ಒಂದೇ ಯೋಜನೆಯಾಗಿ ಕಂಡಿದ್ದರು. ಆಮೇಲೆ ನೀರಾವರಿ ಒಂದು ಇಲಾಖೆಗೆ, ಕೃಷಿ ಇನ್ನೊಂದಕ್ಕೆ, ಸಕ್ಕರೆ ಮತ್ತೊಂದಕ್ಕೆ, ಹೊಗೆಯ ವಿಷಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಎಂದು ಹಂಚಿಹೋಯಿತು. ಇವೆಲ್ಲವನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರ ಜಿಲ್ಲೆಯಲ್ಲಿ ಈಗ ಇರುವುದು ತಮಗೆ ಮಾತ್ರ.

ಆದ್ದರಿಂದ ಮಾನ್ಯ ಜಿಲ್ಲಾಧಿಕಾರಿಗಳೇ, ಮುಂದಿನ ಹಂಗಾಮಿನ ಬಾಯ್ಲರ್ ಪ್ರದೀಪನದ ಸಮಾರಂಭಗಳು ಆರಂಭವಾಗುವ ಮುನ್ನ ಕಾರ್ಖಾನೆಗಳು, ಕಾವೇರಿ ನೀರಾವರಿ ನಿಗಮ, ಕೃಷಿ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಆಲೆಮನೆ ಮಾಲೀಕರು ಮತ್ತು ನಾಲೆಯ ಕೊನೆ ಭಾಗದ ರೈತರನ್ನೂ ಸೇರಿಸಿ ಒಂದು ಸಭೆ ಕರೆಯಬೇಕೆಂದು ಕೋರುತ್ತೇನೆ. ಅರೆದ ಕಬ್ಬು, ಎತ್ತಿದ ನೀರು, ಬಿಟ್ಟ ನೀರು, ಬಟವಾಡೆಯಾದ ದಿನಾಂಕ ಈ ನಾಲ್ಕು ಸಾಲುಗಳ ಫಲಕಕ್ಕೆ ಆ ಸಭೆಯಲ್ಲೇ ಒಪ್ಪಿಗೆಯಾಗಲಿ. ಆಲೆಮನೆಗಳ ಕಣ ಮತ್ತು ಒಲೆಗೆ ಎಷ್ಟು ಹಣ ಬೇಕು, ಅದರಲ್ಲಿ ಕಂಪನಿಗಳ ಹೊಣೆಗಾರಿಕೆ ನಿಧಿಯಿಂದ ಎಷ್ಟು ಬರಬಹುದು ಎಂಬುದು ನಿರ್ಧಾರವಾಗಲಿ. ಸಭೆಯ ನಡಾವಳಿಯನ್ನು ಪ್ರತಿ ಗ್ರಾಮ ಪಂಚಾಯಿತಿಗೂ ಕಳುಹಿಸಿಕೊಡಿ. ಫಲಕದ ಅಂಕಿಗಳು ಸರಿಯಾಗಿವೆಯೇ ಎಂದು ಹಳ್ಳದ ಬದಿಯಿಂದಲೂ ತೂಕದ ಚೀಟಿಗಳಿಂದಲೂ ತಾಳೆ ನೋಡುವ ಕೆಲಸವನ್ನು ನಾವು ಬೆಳೆಗಾರರು ವಹಿಸಿಕೊಳ್ಳುತ್ತೇವೆ.

ಇಂತಿ,
ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಒಬ್ಬ ಕಬ್ಬು ಬೆಳೆಗಾರ,
ಮಂಡ್ಯ ಜಿಲ್ಲೆ